ಎಲಿವೇಟರಿಗೆ ತುಕ್ಕು ಬಂದಿದೆ, ಡೀಲರ್ ಹೊಸ ಸೆಟ್ ತಂದಿದ್ದಾರೆ: ಈಗ ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಬಿಡಿಎಸ್ ಮುಗಿಸಿ ಹೊಸನಗರದ ಕಡೆ ಸ್ವಂತ ಕ್ಲಿನಿಕ್ ಮಾಡಿಕೊಂಡಿದ್ದೇನೆ. ಹಲ್ಲು ಕೀಳುವ ಕೆಲಸವೇ ಜಾಸ್ತಿ. ಸಣ್ಣಪುಟ್ಟ ಸರ್ಜರಿಯನ್ನೂ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಹಲ್ಲು ಸಡಿಲಿಸುವ ಎಲಿವೇಟರ್, ಕತ್ತರಿ, ಹಲ್ಲು ಹಿಡಿದು ಕೀಳುವ ಫೋರ್ಸೆಪ್ಸಿನ ಕೀಲು ಎಲ್ಲದರ ಮೇಲೂ ಕಂದು ಕಲೆ ಬಂತು. ಆವಿಯ ಶಾಖದಲ್ಲಿ ಕ್ರಿಮಿ ಕೊಲ್ಲುವ ಅದೇ ಆಟೋಕ್ಲೇವಿನಲ್ಲಿ ಹೋಗಿ ಬರುವ ಕಿಡ್ನಿ ಟ್ರೇಗೆ ಮಾತ್ರ ಏನೂ ಆಗಿಲ್ಲ. ಡೀಲರ್ ಬಂದು ಅಯಸ್ಕಾಂತ ಹಿಡಿದು ತೋರಿಸಿ, 'ನೋಡಿ ಮೇಡಂ, ಅಂಟಿಕೊಳ್ಳುತ್ತೆ. ಇದು ಕಳಪೆ ಸ್ಟೀಲು, ಎಲ್ಲ ಬದಲಾಯಿಸಿ' ಅಂದರು. ದೊಡ್ಡ ಸೆಟ್ ಒಂದನ್ನು ತೋರಿಸಿದ್ದಾರೆ. ತಗೊಳ್ಳಲಾ? ಮೊಂಡಾದ ಎಲಿವೇಟರನ್ನು ನಾನೇ ಹರಿತ ಮಾಡಿಕೊಳ್ಳಬಹುದಾ? ಮಳೆಗಾಲದಲ್ಲಿ ಇವನ್ನೆಲ್ಲ ಹೇಗೆ ಕಾಪಾಡೋದು?

ಉತ್ತರ: ಸದ್ಯಕ್ಕೆ ತಗೊಳ್ಳಬೇಡಿ ಡಾಕ್ಟರೇ. ನೀವು ಬರೆದದ್ದನ್ನು ಓದಿದರೆ ತೊಂದರೆ ನಿಮ್ಮ ಸಿಂಕಿನ ಹತ್ತಿರ ಶುರುವಾದ ಹಾಗೆ ಕಾಣುತ್ತದೆ. ಅದನ್ನು ಸರಿ ಮಾಡದೆ ಹೊಸ ಸೆಟ್ ತಂದರೆ ಮುಂದಿನ ಆಷಾಢ ಕಳೆಯುವಷ್ಟರಲ್ಲಿ ಅದಕ್ಕೂ ಇದೇ ಗತಿ. ನಾನು ಶಿವಮೊಗ್ಗದಲ್ಲಿದ್ದುಕೊಂಡು ಸಾಗರ, ಸೊರಬ, ತೀರ್ಥಹಳ್ಳಿ ಕಡೆಯ ಕ್ಲಿನಿಕ್ಕುಗಳಿಗೆ ಸರ್ಜರಿಗೆ ಹೋಗಿ ಬರುತ್ತೇನೆ. ದುಬಾರಿ ಇನ್‌ಸ್ಟ್ರುಮೆಂಟುಗಳು ಎರಡೇ ಮಳೆಗಾಲಕ್ಕೆ ಹಾಳಾದದ್ದನ್ನು ನೋಡಿದ್ದೇನೆ. ಸಾಧಾರಣ ಬೆಲೆಯವು ವರ್ಷಗಟ್ಟಲೆ ಹೊಳೆಯುತ್ತಾ ಉಳಿದದ್ದನ್ನೂ ನೋಡಿದ್ದೇನೆ. ರೋಗಿ ಕುರ್ಚಿಯಿಂದ ಎದ್ದ ಮೇಲಿನ ಮೊದಲ ಅರ್ಧ ಗಂಟೆಯಲ್ಲಿ ಆ ಕ್ಲಿನಿಕ್ಕಿನವರು ಏನು ಮಾಡುತ್ತಿದ್ದರು ಅನ್ನುವುದರ ಮೇಲೇ ಎಲ್ಲ ನಿಂತಿತ್ತು.

ಮೊದಲು ಆ ಅಯಸ್ಕಾಂತದ ವಿಷಯ. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಒಂದೇ ಲೋಹ ಅಲ್ಲ. ನಿಮ್ಮ ಕಿಡ್ನಿ ಟ್ರೇ, ಬೋಗುಣಿ ಇವೆಲ್ಲ ಸಾಮಾನ್ಯವಾಗಿ 304 ಅನ್ನುವ ಜಾತಿಯ ಸ್ಟೀಲ್. ಅದರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ. ತುಕ್ಕು ಸುಲಭಕ್ಕೆ ಹತ್ತುವುದಿಲ್ಲ, ಅಯಸ್ಕಾಂತಕ್ಕೂ ಅಷ್ಟಾಗಿ ಅಂಟುವುದಿಲ್ಲ. ಆದರೆ ಅದನ್ನು ಕಾಯಿಸಿ ತಣಿಸಿ ಗಟ್ಟಿ ಮಾಡಲು ಬರುವುದಿಲ್ಲ. ಅದರಲ್ಲಿ ಎಲಿವೇಟರ್ ಮಾಡಿದರೆ ನಾಲ್ಕು ಹಲ್ಲಿಗೆ ತುದಿ ಬಾಗುತ್ತದೆ. ಹರಿತ ಬೇಕಾದ, ಬಿಗಿಯಾಗಿ ಹಿಡಿಯಬೇಕಾದ ಇನ್‌ಸ್ಟ್ರುಮೆಂಟುಗಳಿಗೆ ಕಾಯಿಸಿ ತಣಿಸಿ ಗಟ್ಟಿ ಮಾಡಬಹುದಾದ ಮಾರ್ಟೆನ್ಸಿಟಿಕ್ ಜಾತಿಯ ಸ್ಟೀಲ್ ಬೇಕು. 420 ಅನ್ನುವುದು ಅದರಲ್ಲಿ ಒಂದು. ಕ್ರೋಮಿಯಂ 12ರಿಂದ 14%, ಜೊತೆಗೆ ಗಟ್ಟಿಯಾಗಲು ಬೇಕಾದಷ್ಟು ಇಂಗಾಲ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಕರಗಿಸಿದ ತುಕ್ಕು ಹಿಡಿಯದ ಉಕ್ಕು ಕೂಡ ಇದೇ ಜಾತಿಯದು, ಸುಮಾರು 13% ಕ್ರೋಮಿಯಮ್ಮಿನದು. ಇದು ಅಯಸ್ಕಾಂತಕ್ಕೆ ಗಟ್ಟಿಯಾಗಿ ಅಂಟುತ್ತದೆ. ಅಂಟಲೇಬೇಕು. ಎಲುಬು ಕೆತ್ತುವ ಚಿಸೆಲ್ ಒಂದು ಅಯಸ್ಕಾಂತಕ್ಕೆ ಅಂಟದಿದ್ದರೆ ನಾನು ಅದನ್ನೇ ಅನುಮಾನದಿಂದ ನೋಡುತ್ತೇನೆ.

ಹಾಗಾಗಿ ಟ್ರೇಗೆ ಏನೂ ಆಗದೆ ಎಲಿವೇಟರಿಗೆ ಕಲೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಹರಿತಕ್ಕೋಸ್ಕರ ತುಕ್ಕು ತಡೆಯುವ ಶಕ್ತಿಯನ್ನು ಸ್ವಲ್ಪ ಬಿಟ್ಟುಕೊಟ್ಟ ಲೋಹ ಅದು. ಎರಡನ್ನೂ ಕಾಯುವುದು ಕ್ರೋಮಿಯಂ ಗಾಳಿಯ ಜೊತೆ ಸೇರಿ ಮೇಲ್ಮೈಯಲ್ಲಿ ಕಟ್ಟಿಕೊಳ್ಳುವ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ಎಲಿವೇಟರಿನಲ್ಲಿ ಆ ಪದರ ಬೇಗ ಹರಿಯುತ್ತದೆ, ಅಷ್ಟೇ.

ಈಗ ಒಂದು ಕೆಲಸ ಮಾಡಿ. ಮಕ್ಕಳ ಪೆನ್ಸಿಲ್ ರಬ್ಬರ್ ಒಂದು ತಗೊಳ್ಳಿ. ತೊಳೆದು ಆಟೋಕ್ಲೇವ್ ಮಾಡಿದ ಇನ್‌ಸ್ಟ್ರುಮೆಂಟನ್ನು ಕಿಟಕಿ ಬೆಳಕಿನಲ್ಲಿ ಹಿಡಿದು ಕಲೆಯ ಮೇಲೆ ಗಟ್ಟಿಯಾಗಿ ಉಜ್ಜಿ. ಕಲೆ ಹೋಗಿ ಕೆಳಗೆ ಲೋಹ ನುಣುಪಾಗಿ ಕಂಡರೆ ಅದು ಬರೀ ಕಲೆ. ನೀರಿನ ಲವಣ, ಸರಿಯಾಗಿ ಜಾಲಾಡದೆ ಉಳಿದ ಸೋಪು, ಅಥವಾ ಬೇರೆಯದರ ತುಕ್ಕು ಬಂದು ಕೂತದ್ದು. ಕಲೆ ಹೋದ ಜಾಗದಲ್ಲಿ ಸೂಜಿ ಚುಚ್ಚಿದ ಹಾಗೆ ಸಣ್ಣ ಗುಳಿ ಕಂಡರೆ ಅದು ನಿಜವಾದ ತುಕ್ಕು. ಗುಳಿಯಲ್ಲಿ ರಕ್ತ ಕೂರುತ್ತದೆ, ಅಲ್ಲಿಂದ ಬಿರುಕು ಹೊರಡುತ್ತದೆ. ತುದಿಯಲ್ಲೋ ಕೀಲಿನಲ್ಲೋ ಗುಳಿ ಇದ್ದರೆ ಅದನ್ನು ಎತ್ತಿ ಆಚೆ ಇಡಿ, ರೋಗಿಯ ಬಾಯಿಗೆ ಮತ್ತೆ ಹಾಕಬೇಡಿ. ನನ್ನ ಅಂದಾಜಿನಲ್ಲಿ ನಿಮ್ಮ ಮುಕ್ಕಾಲು ಪಾಲು ಸಾಮಾನು ಈ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಡೀಲರ್ ಎಸೆಯಿರಿ ಅಂದದ್ದನ್ನು ನೀವು ಸೋಪು ನೀರಿನಲ್ಲಿ ತೊಳೆದು ಇಟ್ಟುಕೊಳ್ಳುತ್ತೀರಿ.

ಕಲೆ ಎಲ್ಲಿಂದ ಬಂತು? ನಾನು ಕಂಡ ಹಾಗೆ ದೊಡ್ಡ ಕಾರಣ ಉಪ್ಪು. ರಕ್ತದಲ್ಲಿ ಉಪ್ಪಿದೆ. ಸಲೈನಿನಲ್ಲಿ ಉಪ್ಪಿದೆ. ಸರ್ಜರಿ ಮುಗಿದ ಮೇಲೆ 'ನೆನೆಯಲಿ' ಅಂತ ಉಳಿದ ಸಲೈನನ್ನೇ ಟ್ರೇಗೆ ಸುರಿದು ಇಡುವವರು ತುಂಬಾ ಜನ. ಕ್ಲೋರೈಡ್ ಆ ತೆಳು ಪದರವನ್ನು ಅಲ್ಲಲ್ಲಿ ಕೊರೆದು ಗುಳಿ ಮಾಡುವುದರಲ್ಲಿ ಬಲು ಜೋರು. ಬ್ಲೀಚು, ಅಂದರೆ ಹೈಪೋಕ್ಲೋರೈಟ್, ಇನ್ನೂ ಜೋರು. ನೆಲಕ್ಕೆ, ಸಿಂಕಿಗೆ ಅದು ಇರಲಿ. ಸರ್ಜಿಕಲ್ ಸ್ಟೀಲಿನ ಹತ್ತಿರ ಸುಳಿಯಬಾರದು. 2% ಗ್ಲುಟರಾಲ್ಡಿಹೈಡಿನಲ್ಲಿ ರಾತ್ರಿಯಿಡೀ ಮುಳುಗಿಸಿಡುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಆಟೋಕ್ಲೇವಿನ ಶಾಖ ತಡೆಯುವ ವಸ್ತುವಿಗೆ ಅದರ ಅಗತ್ಯವೇ ಇಲ್ಲ.

ಎರಡನೇ ಕಾರಣ ಸಹವಾಸ. ಇನ್‌ಸ್ಟ್ರುಮೆಂಟುಗಳನ್ನು ಹಾಕಿ ಆಟೋಕ್ಲೇವಿಗೆ ಇಡುವ ನಿಮ್ಮ ಪೌಚ್ ತೆಗೆದು ನೋಡಿ. ಎಲಿವೇಟರಿನ ಜೊತೆ ಡ್ರಿಲ್ಲಿನ ತುದಿಗೆ ಹಾಕುವ ಹಳೆಯ ಕಾರ್ಬನ್ ಸ್ಟೀಲ್ ಬರ್ ಇದೆಯಾ? ಕ್ರೋಮ್ ಲೇಪ ಎದ್ದ ಹಳೆಯ ಆರ್ಟರಿ ಫೋರ್ಸೆಪ್ಸ್ ಇದೆಯಾ? ಅಂಥದ್ದು ಒಂದಿದ್ದರೆ ಸಾಕು, ಅದರ ತುಕ್ಕು ಆವಿಯ ಜೊತೆ ಹರಡಿ ಪಕ್ಕದ್ದರ ಮೇಲೆಲ್ಲ ಕೂರುತ್ತದೆ. ತುಕ್ಕು ಹತ್ತಿದ್ದನ್ನು ಅವತ್ತೇ ಬೇರೆ ಮಾಡಿ.

ಹಾಗಾದರೆ ತೊಳೆಯುವುದು ಹೇಗೆ? ರೋಗಿಯ ಬಾಯಿಗೆ ಗಾಜ್ ಕಚ್ಚಿಸಿ ಸೂಚನೆ ಹೇಳುತ್ತೀರಲ್ಲ, ಅಷ್ಟರಲ್ಲಿ ಅಸಿಸ್ಟೆಂಟ್ ಬ್ಲೇಡು, ಸೂಜಿಯನ್ನು ಪಂಕ್ಚರ್ ಆಗದ ಡಬ್ಬಿಗೆ ಹಾಕಿ, ಉಳಿದದ್ದರ ಮೇಲೆ ರಕ್ತದ ಕಲೆ ಬಿಡಿಸುವ ಎನ್‌ಜೈಮ್ ದ್ರಾವಣ ಸಿಂಪಡಿಸಿರಬೇಕು. ಅದು ಇಲ್ಲದಿದ್ದರೆ ಬರೀ ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆ ಮುಚ್ಚಿದರೂ ನಡೆಯುತ್ತದೆ. ರಕ್ತ ಒಣಗಲು ಬಿಡಬಾರದು, ಅಷ್ಟೇ. ಆಮೇಲೆ ಕೀಲುಗಳನ್ನೆಲ್ಲ ತೆರೆದು ಎನ್‌ಜೈಮ್ ನೀರಿನಲ್ಲಿ ಹಾಕಿ. ಕೈಗೆ ಹಿತವಾದ ಬಿಸಿ ಸಾಕು. ಕುದಿಯುವ ನೀರು ಹಾಕಿದರೆ ರಕ್ತದ ಪ್ರೋಟೀನ್ ಹೆಪ್ಪುಗಟ್ಟಿ ಕೀಲಿನ ಸಂದಿಯಲ್ಲಿ ಅಂಟಿಕೊಂಡು ಬಿಡುತ್ತದೆ. ಬಾಟಲಿಯ ಮೇಲೆ ಬರೆದ ಹೊತ್ತಿಗಿಂತ ಜಾಸ್ತಿ ಇಡಬೇಡಿ. ದ್ರಾವಣವನ್ನು ಪ್ರತಿದಿನ ಬದಲಾಯಿಸಿ, ಮಧ್ಯದಲ್ಲಿ ಕೆಂಪಾದರೆ ಆಗಲೇ ಚೆಲ್ಲಿ.

ಒಂದೇ ಒಂದು ಯಂತ್ರ ಕೊಳ್ಳುವಷ್ಟು ದುಡ್ಡಿದ್ದರೆ ಹೊಸ ಸೆಟ್ಟಿಗಿಂತ ಮೊದಲು ಅಲ್ಟ್ರಾಸೋನಿಕ್ ಕ್ಲೀನರ್ ತಗೊಳ್ಳಿ. ಬ್ರಷ್ ಹೋಗದ ಕಡೆಗೆ ಅದು ಹೋಗುತ್ತದೆ. ಹೊಸ ನೀರು ತುಂಬಿದ ಮೇಲೆ ಖಾಲಿಯಾಗಿ ಸ್ವಲ್ಪ ಹೊತ್ತು ಓಡಿಸಿ, ನೀರಿನೊಳಗಿನ ಗಾಳಿ ಹೋಗಲಿ. ಆಮೇಲೆ ಬುಟ್ಟಿಯಲ್ಲಿ ಇನ್‌ಸ್ಟ್ರುಮೆಂಟ್ ಇಟ್ಟು ಮುಚ್ಚಳ ಹಾಕಿ ಓಡಿಸಿ. ಒಂದರ ಮೇಲೊಂದು ಗುಡ್ಡೆ ಹಾಕಬೇಡಿ. ಯಂತ್ರ ಕೆಲಸ ಮಾಡುತ್ತಿದೆಯಾ ಅಂತ ನೋಡಲು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಒಂದು ತುಂಡನ್ನು ನೀರಿನಲ್ಲಿ ನೇತುಹಾಕಿ ಓಡಿಸಿ ತೆಗೆದರೆ ಎಲ್ಲ ಕಡೆ ಸಣ್ಣ ಸಣ್ಣ ತೂತು, ಗುಂಡಿ ಬಿದ್ದಿರಬೇಕು. ಒಂದು ಮೂಲೆ ನುಣುಪಾಗಿ ಉಳಿದಿದ್ದರೆ ಆ ಮೂಲೆಯಲ್ಲಿ ಯಂತ್ರ ಸತ್ತಿದೆ ಅಂತ ಅರ್ಥ.

ಇನ್ನು ನೀರು. ಗಂಗಾ ಸ್ನಾನ, ತುಂಗಾ ಪಾನ ಅಂತ ಹೆಮ್ಮೆ ಪಡುವ ಊರಿನವರು ನಾವು. ಕುಡಿಯಲು ಸಿಹಿಯಾದ ನೀರು ಆಟೋಕ್ಲೇವಿಗೂ ಒಳ್ಳೆಯದು ಅಂತ ಅಂದುಕೊಳ್ಳುವುದು ಸಹಜ. ಆದರೆ ನದಿ ನೀರಿನಲ್ಲೂ ಲವಣ ಇರುತ್ತದೆ. ಬಕೆಟಿನ ತಳದಲ್ಲಿ ಕೆಂಪು ಗಸಿ ಕಟ್ಟುವ ಬೋರ್‌ವೆಲ್ ನಿಮ್ಮದಾಗಿದ್ದರೆ ಅದು ಕಬ್ಬಿಣ. ಆ ನೀರು ಆವಿಯಾದಾಗ ಉಳಿಯುವ ಕಬ್ಬಿಣವೇ ನಿಮ್ಮ ಕಂದು ಕಲೆ ಆಗಿರಬಹುದು. ಆಟೋಕ್ಲೇವಿಗೆ ಡಿಸ್ಟಿಲ್ಡ್ ನೀರೇ ಹಾಕಿ. ತೊಳೆದ ಮೇಲಿನ ಕೊನೆಯ ಜಾಲಾಟಕ್ಕೆ ಆರ್‌ಒ ನೀರು ಸಾಕು. ಮಳೆನೀರು ಡಿಸ್ಟಿಲ್ಡ್ ಇದ್ದ ಹಾಗೆ ಅಲ್ವಾ ಅಂತ ಹಲವರು ಕೇಳುತ್ತಾರೆ. ಮೋಡದಲ್ಲಿ ಇರುವ ತನಕ ಹೌದು. ಹಂಚಿನ ಮೇಲೋ ಶೀಟಿನ ಮೇಲೋ ಬಿದ್ದು ದೋಣಿಯಲ್ಲಿ ಇಳಿದು ಬಂದದ್ದರಲ್ಲಿ ಪಾಚಿ, ಧೂಳು, ಸತುವು ಎಲ್ಲ ಸೇರಿರುತ್ತದೆ.

ನಮ್ಮ ಕಡೆಯವರು ಗಮನಿಸದ ಇನ್ನೊಂದು ವಿಷಯ ಇದೆ. ನಿಮ್ಮದು ತಾನೇ ತಾಪಮಾನ ಅಳೆದು ನಡೆಯುವ ಬಿ ಕ್ಲಾಸ್ ಯಂತ್ರ ಆಗಿದ್ದರೆ ಈ ಪ್ಯಾರಾ ಬಿಟ್ಟುಬಿಡಿ. ಕುಕ್ಕರ್ ಮಾದರಿಯ, ಮುಳ್ಳು ನೋಡಿ ನಡೆಸುವ ಆಟೋಕ್ಲೇವ್ ಆಗಿದ್ದರೆ ಓದಿ. ಆ ಮುಳ್ಳು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಒತ್ತಡ ಜಾಸ್ತಿ ಇದೆ ಅನ್ನುವುದನ್ನು ಮಾತ್ರ. ಸಮುದ್ರ ಮಟ್ಟದಲ್ಲಿ ಅದು 15 ಪೌಂಡ್ (ಚದರ ಇಂಚಿಗೆ) ತೋರಿಸಿದರೆ ಒಳಗೆ 121 ಡಿಗ್ರಿ ಸೆಲ್ಸಿಯಸ್. ಶಿವಮೊಗ್ಗ ಸುಮಾರು 570 ಮೀಟರ್ ಎತ್ತರದಲ್ಲಿದೆ, ಆಗುಂಬೆ 640 ದಾಟುತ್ತದೆ. ಇಲ್ಲಿ ಹೊರಗಿನ ಗಾಳಿಯೇ ತೆಳು. ಅದೇ 15ಕ್ಕೆ ನಮಗೆ ಸಿಗುವುದು ಹೆಚ್ಚುಕಡಿಮೆ 120. ಪ್ರತಿ 300 ಮೀಟರಿಗೆ ಅರ್ಧ ಪೌಂಡ್ ಸೇರಿಸಬೇಕು ಅನ್ನುವುದು ಲೆಕ್ಕ. ಅಂದರೆ ನಮ್ಮ ಕಡೆ 16, ಚಿಕ್ಕಮಗಳೂರಿನಷ್ಟು ಎತ್ತರಕ್ಕೆ 17ರ ಹತ್ತಿರ. ನಿಮ್ಮ ಯಂತ್ರಕ್ಕೆ ಅಷ್ಟು ಒತ್ತಡದ ಅನುಮತಿ ಇದೆಯಾ ಅಂತ ಕೈಪಿಡಿ ನೋಡಿಯೇ ಮಾಡಿ. ಇಲ್ಲದಿದ್ದರೆ ಹೊತ್ತು ಎಷ್ಟು ಹೆಚ್ಚಿಸಬೇಕು ಅಂತ ಕಂಪನಿಯವರನ್ನೇ ಕೇಳಿ. ಸೇಫ್ಟಿ ವಾಲ್ವನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಪೌಚಿನಲ್ಲಿ ಹಾಕಿದ್ದಕ್ಕೆ 121 ಡಿಗ್ರಿಯಲ್ಲಿ 30 ನಿಮಿಷ ಬೇಕು. ಆ 30 ನಿಮಿಷ ಎಣಿಸುವುದು 121 ತಲುಪಿದ ಮೇಲೆ. ಅದಕ್ಕೂ ಮೊದಲು ಒಳಗಿನ ಗಾಳಿ ಪೂರ್ತಿ ಹೊರಹೋಗಿ ಬರೀ ಆವಿ ಬರುವ ತನಕ ವಾಲ್ವ್ ತೆರೆದಿರಬೇಕು. ಗಾಳಿ ಉಳಿದರೆ ಮುಳ್ಳು 15 ತೋರಿಸುತ್ತದೆ, ಶಾಖ ಇರುವುದಿಲ್ಲ.

ಮಳೆಗಾಲದ ನಿಜವಾದ ಪರೀಕ್ಷೆ ಇರುವುದು ಒಣಗಿಸುವುದರಲ್ಲಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಂಥ ಊರುಗಳ ಮಗ್ಗುಲಲ್ಲಿ ನಾವಿದ್ದೇವೆ. ಜುಲೈನಲ್ಲಿ ಉಟ್ಟ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫೋರ್ಸೆಪ್ಸಿನ ಕೀಲು ತಾನಾಗಿ ಹೇಗೆ ಒಣಗುತ್ತದೆ? ತೊಳೆದ ಕೂಡಲೇ ನೂಲು ಬಿಡದ ಬಟ್ಟೆಯಿಂದ ಒಂದೊಂದನ್ನೂ ಒರೆಸಿ. ಕೀಲು ತೆರೆದು ಹರಡಿಡಿ. ಒದ್ದೆ ಇರುವಾಗ ಪೌಚಿಗೆ ಹಾಕಬೇಡಿ. ಒರೆಸುವ ಬಟ್ಟೆಯೂ ಒಣಗಿರಬೇಕಲ್ಲ. ಬಚ್ಚಲು ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ ಬಟ್ಟೆಯನ್ನು ಕ್ಲಿನಿಕ್ಕಿಗೆ ತರಬೇಡಿ, ಅದರಲ್ಲಿ ಮಸಿ ಇರುತ್ತದೆ. ಬಿಸಾಡುವ ಒರೆಸುವ ಹಾಳೆ ಆ ಮೂರು ತಿಂಗಳಿಗೆ ಸುಲಭ.

ಆಟೋಕ್ಲೇವಿನಲ್ಲಿ ಪೌಚುಗಳನ್ನು ರ‍್ಯಾಕಿನಲ್ಲಿ ಅಂಚಿನ ಮೇಲೆ ನಿಲ್ಲಿಸಿ, ಮಧ್ಯೆ ಜಾಗ ಇರಲಿ. ಡ್ರೈಯಿಂಗ್ ಸೈಕಲ್ ಇದ್ದರೆ ಅವಸರಕ್ಕೆ ಅದನ್ನು ಮಧ್ಯದಲ್ಲಿ ನಿಲ್ಲಿಸಬೇಡಿ. ಮುಗಿದ ಮೇಲೆ ಬಾಗಿಲು ಸ್ವಲ್ಪ ಸರಿಸಿ ಅಲ್ಲೇ ತಣಿಯಲು ಬಿಡಿ. ಬಿಸಿ ಪೌಚನ್ನು ತಣ್ಣನೆ ಕಡಪಾ ಕಲ್ಲಿನ ಮೇಲೆ ಇಟ್ಟರೆ ಒಳಗೆ ಬೆವರುತ್ತದೆ. ಪೌಚಿನ ಕಾಗದ ಒದ್ದೆಯಾಗಿದ್ದರೆ ಅದು ಸ್ಟೆರೈಲ್ ಅಲ್ಲ. ಒದ್ದೆ ಕಾಗದದ ಮೂಲಕ ಹೊರಗಿನ ಕ್ರಿಮಿ ಒಳಗೆ ಇಳಿಯುತ್ತದೆ. ಒಣಗಿದ ಮೇಲೆ ನೋಡಿದರೆ ಏನೂ ಆಗದ ಹಾಗೆ ಕಾಣುತ್ತದೆ, ಹಾಗಂತ ಬಳಸಬೇಡಿ. ಹೊಸ ಪೌಚಿಗೆ ಹಾಕಿ ಮತ್ತೆ ಓಡಿಸಿ. ಇಡುವ ಕಪಾಟು ಸಿಂಕಿನ ಕೆಳಗೆ ಇರಬಾರದು, ತೇವ ಜಿನುಗುವ ಗೋಡೆಗೂ ತಾಗಿರಬಾರದು.

ಕರೆಂಟಿನ ಕತೆ ನಿಮಗೆ ನಾನು ಹೇಳಬೇಕಾಗಿಲ್ಲ. ಸೈಕಲ್ ಮಧ್ಯದಲ್ಲಿ ಕರೆಂಟ್ ಹೋದರೆ ಉಳಿದ ನಿಮಿಷ ಮಾತ್ರ ಓಡಿಸಿದರೆ ಆಗುವುದಿಲ್ಲ. ಮೊದಲಿಂದ ಶುರು ಮಾಡಬೇಕು. ಮನೆಯ ಮಾಮೂಲಿ ಇನ್ವರ್ಟರ್ ಆಟೋಕ್ಲೇವನ್ನು ಎಳೆಯುವುದಿಲ್ಲ. ಇದೇ ಕಾರಣಕ್ಕೆ ನಾನು ಮಲೆನಾಡಿನ ಎಲ್ಲ ಡಾಕ್ಟರಿಗೂ ಒಂದೇ ಮಾತು ಹೇಳುವುದು: ಇನ್‌ಸ್ಟ್ರುಮೆಂಟಿನ ಬಗೆ ಕಡಿಮೆ ಇರಲಿ, ಒಂದೇ ಬಗೆಯ ಜೊತೆ ಜಾಸ್ತಿ ಇರಲಿ. ದಿನಕ್ಕೆ ಬೇಕಾದ ಸೆಟ್ಟುಗಳ ಮೇಲೆ ಎರಡು ಜಾಸ್ತಿ ಇದ್ದರೆ ಕರೆಂಟ್ ಇಲ್ಲದ ಮಧ್ಯಾಹ್ನ ನೀವು ಕಷ್ಟಕ್ಕೆ ಸಿಕ್ಕಿಕೊಳ್ಳುವುದಿಲ್ಲ.

ಇಷ್ಟು ಸರಿಯಾದ ಮೇಲೆ ಕೊಳ್ಳುವ ಮಾತು. ದೊಡ್ಡ ಸೆಟ್ಟಿನಲ್ಲಿ ಹತ್ತು ಹನ್ನೆರಡು ಫೋರ್ಸೆಪ್ಸ್ ಇರುತ್ತವೆ. ಅದರಲ್ಲಿ ಅರ್ಧ ಡಬ್ಬಿಯಲ್ಲೇ ಉಳಿಯುತ್ತದೆ. ಬಿಡಿಬಿಡಿಯಾಗಿ ಕೊಳ್ಳಿ. ಮೇಲಿನ ಮುಂದಿನ ಹಲ್ಲಿಗೆ ನೇರದ್ದು, ಮೇಲಿನ ಪ್ರೀಮೋಲಾರ್ (ಮುಂದವಡೆ ಹಲ್ಲು), ಮೇಲಿನ ಮೋಲಾರ್ (ದವಡೆ ಹಲ್ಲು) ಬಲ ಮತ್ತು ಎಡ, ಮೇಲಿನ ಬೇರಿಗೆ ಬಯೊನೆಟ್, ಕೆಳಗಿನ ಮುಂದಿನ ಹಲ್ಲು ಮತ್ತು ಬೇರಿಗೆ ಒಂದು, ಕೆಳಗಿನ ಮೋಲಾರ್ ಒಂದು. ಇಷ್ಟರಲ್ಲಿ ಕೆಲಸ ನಡೆಯುತ್ತದೆ. 1841ರಲ್ಲಿ ಲಂಡನ್ನಿನ ಜಾನ್ ಟೋಮ್ಸ್ ಹಲ್ಲಿನ ಆಕಾರಕ್ಕೆ ತಕ್ಕ ಫೋರ್ಸೆಪ್ಸ್ ಹೇಗಿರಬೇಕು ಅಂತ ಬರೆದು ತೋರಿಸಿದ ಮೇಲೆ ಮೂಲ ತತ್ವ ಬದಲಾಗಿಲ್ಲ. ಬೀಕ್, ಅಂದರೆ ಹಲ್ಲು ಹಿಡಿಯುವ ಕೊಕ್ಕು, ಹಲ್ಲಿನ ಕುತ್ತಿಗೆಗೂ ಬೇರಿಗೂ ಹೊಂದಬೇಕು, ಕಿರೀಟವನ್ನು ಹಿಂಡಬಾರದು. ಮೇಲಿನ ಮೋಲಾರಿನದರಲ್ಲಿ ಚೂಪು ಬೀಕ್ ಕೆನ್ನೆಯ ಕಡೆ, ಎರಡು ಬೇರುಗಳ ಮಧ್ಯೆ ಕೂರುತ್ತದೆ. ಕೆಳಗಿನದರಲ್ಲಿ ಎರಡೂ ಬೀಕ್ ಚೂಪು. ಹಸುವಿನ ಕೊಂಬಿನಂಥ ಬೀಕಿನ ಕೌಹಾರ್ನ್ ಫೋರ್ಸೆಪ್ಸ್ ಬೇಕೆನಿಸಿದರೆ ಆಮೇಲೆ ತಗೊಳ್ಳಿ. ಬೇರುಗಳು ಬೇರೆ ಬೇರೆ ಇರುವ ಕೆಳಗಿನ ಮೋಲಾರಿಗೆ ಅದು ಚೆಂದ ಕೆಲಸ ಮಾಡುತ್ತದೆ. ಮಕ್ಕಳ ಹಾಲುಹಲ್ಲಿಗೆ ಮಾತ್ರ ಅದನ್ನು ಮುಟ್ಟಬೇಡಿ, ಬೇರಿನ ಮಧ್ಯೆ ಕಾಯಂ ಹಲ್ಲಿನ ಮೊಳಕೆ ಕೂತಿರುತ್ತದೆ.

ಕ್ಯಾಟಲಾಗ್ ನೋಡಿ ಫೋನಿನಲ್ಲಿ ಆರ್ಡರ್ ಮಾಡಬೇಡಿ. ಡೀಲರ್ ತರಲಿ, ಗ್ಲೌಸ್ ಹಾಕಿಕೊಂಡು ಕೈಯಲ್ಲಿ ಹಿಡಿದು ನೋಡಿ. ಹಿಡಿ ಅಗಲವಾಗಿ ತೆರೆದುಕೊಂಡರೆ ಸಣ್ಣ ಕೈಗೆ ಹಿಡಿತ ಸಿಗುವುದಿಲ್ಲ. ಪೆನ್ಸಿಲ್ ಒಂದನ್ನು ಬೀಕಿನಲ್ಲಿ ಹಿಡಿದು ಒತ್ತಿ ತಿರುಗಿಸಿ. ಹಿಡಿ ಬಳುಕಬಾರದು, ಕೀಲು ಅಕ್ಕಪಕ್ಕ ಅಲ್ಲಾಡಬಾರದು. ಬೀಕ್ ಎರಡೂ ಒಂದೇ ನೇರದಲ್ಲಿ ಇರಬೇಕು. ಕೀಲಿನ ಸಂದಿಯಲ್ಲಿ ಒರಟು ಗುರುತು ಉಳಿದಿದ್ದರೆ ಬೇಡ, ತುಕ್ಕು ಮೊದಲು ಹತ್ತುವುದು ಅಲ್ಲೇ. ಮೇಲೆ 'ಜರ್ಮನಿ ಸ್ಟೇನ್‌ಲೆಸ್' ಅಂತ ಅಚ್ಚು ಇದ್ದ ಮಾತ್ರಕ್ಕೆ ಅದು ಸರ್ಜಿಕಲ್ ಸಾಮಾನಿಗೆ ಹೆಸರಾದ ಜರ್ಮನಿಯ ಟುಟ್ಲಿಂಗೆನ್ನಿನಲ್ಲಿ ತಯಾರಾದದ್ದು ಅಂತ ಅರ್ಥ ಅಲ್ಲ. ಯಾರು ತಯಾರಿಸಿದ್ದು, ಯಾವ ಸ್ಟೀಲ್, ಲಾಟ್ ನಂಬರ್ ಎಷ್ಟು ಅನ್ನುವುದಕ್ಕೆ ಉತ್ತರ ಕೊಡುವ ಡೀಲರ್ ಹತ್ತಿರ ವ್ಯವಹಾರ ಮಾಡಿ.

ದುಡ್ಡನ್ನು ಧಾರಾಳವಾಗಿ ಹಾಕಬೇಕಾದ್ದು ಎಲಿವೇಟರಿಗೆ. ಕೂಪ್‌ಲ್ಯಾಂಡ್ ಮೂರು ಅಗಲದ್ದೂ ಇರಲಿ. ಕ್ರೈಯರ್ ಜೋಡಿ ಇರಲಿ. ಕೆಳಗಿನ ಮೋಲಾರಿನ ಒಂದು ಬೇರು ಬಂದು ಇನ್ನೊಂದು ಉಳಿದಾಗ, ಖಾಲಿ ಸಾಕೆಟ್ಟಿನಿಂದ ತಿರುಗಿಸಿ ತೆಗೆಯಲು ಅದಕ್ಕಿಂತ ಒಳ್ಳೆಯದಿಲ್ಲ. ವಾರ್ವಿಕ್ ಜೇಮ್ಸ್ ಜೋಡಿ ಸೂಕ್ಷ್ಮ ಜಾಗಕ್ಕೆ. ಲಕ್ಸೇಟರ್ ತಗೊಂಡರೆ ಅದು ಬೇರನ್ನು ಎಲುಬಿಗೆ ಹಿಡಿದಿಡುವ ಲಿಗಮೆಂಟ್ ಕೊಯ್ಯುವುದಕ್ಕೆ, ಸನ್ನೆ ಹಾಕುವುದಕ್ಕೆ ಅಲ್ಲ ಅನ್ನುವುದು ನೆನಪಿರಲಿ. ಸನ್ನೆ ಹಾಕಿದರೆ ತುದಿ ಮುರಿಯುತ್ತದೆ. ಅಡ್ಡ ಹಿಡಿಯ ಕ್ರಾಸ್‌ಬಾರ್ ಎಲಿವೇಟರ್ ಈಗ ಬೇಡ. ಅದು ಕೊಡುವ ಬಲಕ್ಕೆ ದವಡೆಯೇ ಬಿರುಕು ಬಿಡಬಹುದು. ಒಸಡು ಬಿಡಿಸಲು ಮೋಲ್ಟ್ 9, ಬಿಪಿ ಹ್ಯಾಂಡಲ್ 3, ಬ್ಲೇಡ್ 15, ಆಸ್ಟಿನ್ ರಿಟ್ರಾಕ್ಟರ್, ಕ್ಯೂರೆಟ್, ಬೋನ್ ಫೈಲ್, ಎಲುಬು ಕತ್ತರಿಸುವ ರಾಂಜರ್ ಒಂದು.

ನೀಡಲ್ ಹೋಲ್ಡರ್ ಮಾತ್ರ ಅಗ್ಗದ್ದು ಬೇಡವೇ ಬೇಡ. ಬಂಗಾರದ ಬಣ್ಣದ ಹಿಡಿಯವುಗಳ ಬಾಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಪಟ್ಟಿ ಇರುತ್ತದೆ, ಬೇಗ ಸವೆಯುವುದಿಲ್ಲ. ಸೂಜಿಯನ್ನು ತುದಿಯಲ್ಲಿ ಹಿಡಿದು ಮೊದಲ ಲಾಕ್ ಹಾಕಿ, ಇನ್ನೊಂದು ಕೈಯ ಫೋರ್ಸೆಪ್ಸಿನಿಂದ ಸೂಜಿಯನ್ನು ತಿರುಗಿಸಿ ನೋಡಿ. ಸೂಜಿ ತಿರುಗಿದರೆ ಬಾಯಿ ಸವೆದಿದೆ. ಹಾಗೇ ಲಾಕ್ ಹಾಕಿ ಅಂಗೈಗೆ ಮೆಲ್ಲಗೆ ತಟ್ಟಿ. ಬಿಟ್ಟುಕೊಂಡರೆ ಲಾಕ್ ಸವೆದಿದೆ. ಕತ್ತರಿಯನ್ನು ಗಾಜ್ ಮೇಲೆ ಪರೀಕ್ಷೆ ಮಾಡಿ. ತುದಿಯ ತನಕ ಎಳೆಯದೆ ಕತ್ತರಿಸಬೇಕು. ಹೊಲಿಗೆ ದಾರಕ್ಕೂ ಪೌಚ್ ಕತ್ತರಿಸಲೂ ಬೇರೆ ಬೇರೆ ಕತ್ತರಿ ಇಡಿ.

ಅಡಿಕೆ ಸೀಮೆಯ ಡಾಕ್ಟರಾಗಿ ಇನ್ನೊಂದು ಯೋಚನೆ ಮಾಡಲೇಬೇಕು. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದು ಕೆನ್ನೆಯ ಒಳಪದರ ಬಿಗಿದು ಬಾಯಿ ಪೂರ್ತಿ ತೆರೆಯಲಾಗದವರು ನಿಮ್ಮಲ್ಲಿಗೂ ಬರುತ್ತಿರುತ್ತಾರೆ. ದೊಡ್ಡವರ ಬಾಯಿ ಸಾಮಾನ್ಯವಾಗಿ 40 ಮಿಲಿಮೀಟರ್ ಹತ್ತಿರ ತೆರೆಯುತ್ತದೆ. ಅದರ ಅರ್ಧ ಮಾತ್ರ ತೆರೆಯುವವರಿಗೆ ಹಿಂದಿನ ಮೋಲಾರಿಗೆ ಫೋರ್ಸೆಪ್ಸ್ ಹೋಗುವುದೇ ಇಲ್ಲ. ತೆಳು ಎಲಿವೇಟರಿನಿಂದ ಕೆನ್ನೆಯ ಕಡೆಯಿಂದಲೇ ಸಡಿಲಿಸಬೇಕಾಗುತ್ತದೆ. ಇವರ ಹಲ್ಲು ಸವೆದಿರುತ್ತದೆ, ಹಿಂಡಿದರೆ ಕಿರೀಟ ಪುಡಿಯಾಗುತ್ತದೆ. ಮೌತ್ ಗ್ಯಾಗ್ ಹಾಕಿ ಬಲವಂತವಾಗಿ ಅಗಲಿಸಬೇಡಿ. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿದೆ. ನಮ್ಮ ಅರ್ಧ ಜಿಲ್ಲೆ ಉಣ್ಣುವುದು ಅದೇ ಬೆಳೆಯಿಂದ, ಹೇಳಲು ನನಗೂ ಸಂಕಟ. ಆದರೂ ಬಿಳಿ ಕೆಂಪು ಮಚ್ಚೆ, ಮಾಯದ ಹುಣ್ಣು ಕಂಡರೆ ಹಲ್ಲು ಕಿತ್ತು ಕಳಿಸಬೇಡಿ. ಮೊದಲು ಬಯಾಪ್ಸಿಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೋ ಓರಲ್ ಸರ್ಜನ್ ಹತ್ತಿರವೋ ಕಳಿಸಿ.

ಕೊನೆಯದಾಗಿ ಸಾಣೆ. ನೀವೇ ಮಾಡಬಹುದು, ಮಾಡಲೇಬೇಕು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವವರನ್ನು ಕೇಳಿ ನೋಡಿ, ಕೈ ಕೊಯ್ದುಕೊಳ್ಳುವುದು ಕತ್ತಿ ಮೊಂಡಾದ ದಿನ ಅಂತಾರೆ. ಎಲಿವೇಟರೂ ಹಾಗೇ. ಮೊಂಡಾದಾಗ ನಾವು ಜಾಸ್ತಿ ಒತ್ತುತ್ತೇವೆ, ಅದು ಬೇರಿನ ಪಕ್ಕ ಇಳಿಯದೆ ಜಾರಿ ನಾಲಿಗೆಗೋ ಅಂಗುಳಿಗೋ ಬಾಯಿಯ ತಳಕ್ಕೋ ನುಗ್ಗುತ್ತದೆ. ಹರಿತ ನೋಡಲು ತುದಿಯನ್ನು ದೀಪಕ್ಕೆ ಹಿಡಿಯಿರಿ. ಅಂಚಿನಲ್ಲಿ ಬಿಳಿ ಗೆರೆ ಮಿಂಚಿದರೆ ಅದು ಮೊಂಡು. ಹರಿತ ಅಂಚು ಬೆಳಕನ್ನು ತೋರಿಸುವುದಿಲ್ಲ.

ನಯವಾದ ಅರ್ಕಾನ್ಸಾಸ್ ಕಲ್ಲು, ಎರಡು ಹನಿ ಎಣ್ಣೆ ಸಾಕು. ಸೆರಾಮಿಕ್ ಕಲ್ಲಾದರೆ ನೀರು. ಕೂಪ್‌ಲ್ಯಾಂಡಿನ ಹೊರಬದಿಯ ಇಳಿಜಾರಿಗೆ ಕಪ್ಪು ಮಾರ್ಕರ್ ಪೆನ್ನು ಹಚ್ಚಿ. ಕಲ್ಲಿನ ಮೇಲೆ ಎರಡು ಸಲ ಎಳೆದು ನೋಡಿ. ಮಸಿ ಅಂಚಿನ ತನಕ ಸಮನಾಗಿ ಹೋಗಿದ್ದರೆ ಕೋನ ಸರಿ ಇದೆ. ಹಿಂದೆ ಮಾತ್ರ ಹೋಗಿದ್ದರೆ ಹಿಡಿಯನ್ನು ಸ್ವಲ್ಪ ಎತ್ತಿ. ತುದಿಯಲ್ಲಿ ಮಾತ್ರ ಹೋಗಿದ್ದರೆ ಸ್ವಲ್ಪ ತಗ್ಗಿಸಿ. ಅಂಚು ಬಾಗಿರುವುದರಿಂದ ಮಣಿಕಟ್ಟು ಹೊರಳಿಸುತ್ತಾ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಎಳೆಯಬೇಕು. ಕೊನೆಗೆ ಒಳಬದಿಯಲ್ಲಿ ಎದ್ದ ಸಣ್ಣ ಚಿಗುರನ್ನು ದುಂಡು ಕಲ್ಲಿನಿಂದ ಮೆಲ್ಲಗೆ ತೆಗೆಯಿರಿ. ತೊಳೆದು ಆಟೋಕ್ಲೇವ್ ಮಾಡಿದ್ದನ್ನೇ ಸಾಣೆಗೆ ತಗೊಳ್ಳಿ, ಸಾಣೆ ಆದ ಮೇಲೆ ಮತ್ತೆ ತೊಳೆದು ಆಟೋಕ್ಲೇವ್ ಮಾಡಿ. ಸಂತೆಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರಿಗೆ ಕೊಡಬೇಡಿ. ಚಕ್ರದ ಬಿಸಿಗೆ ತುದಿ ನೀಲಿಯಾದರೆ ಉಕ್ಕಿನ ಹದ ಹೋಯಿತು ಅಂತಲೇ ಲೆಕ್ಕ. ಕ್ರೈಯರಿನ ಮೂತಿಯನ್ನು ಸೂಜಿಯಷ್ಟು ಚೂಪು ಮಾಡಬೇಡಿ, ಎಲುಬಿನೊಳಗೆ ಮುರಿಯುತ್ತದೆ. ಪ್ರತಿ ಕೇಸಿನ ಮೊದಲೂ ಆಮೇಲೂ ತುದಿ ನೋಡುವ ಅಭ್ಯಾಸ ಇರಲಿ. ಚೂರು ಕಾಣೆಯಾಗಿದ್ದರೆ ರೋಗಿ ಕುರ್ಚಿಯಲ್ಲಿ ಇರುವಾಗಲೇ ಎಕ್ಸ್‌ರೇ ತೆಗೆಯಿರಿ.

ಕೀಲು ಬಿಗಿಯಾಯಿತು ಅಂತ ಕೊಬ್ಬರಿ ಎಣ್ಣೆ, ಹೊಲಿಗೆ ಮಷಿನ್ ಎಣ್ಣೆ ಬಿಡುವುದನ್ನು ಹಲವು ಕಡೆ ನೋಡಿದ್ದೇನೆ. ಎಣ್ಣೆಯ ಪದರದೊಳಗೆ ಆವಿ ಹೋಗುವುದಿಲ್ಲ, ಅಲ್ಲಿನ ಕ್ರಿಮಿ ಸಾಯುವುದಿಲ್ಲ. ನೀರಿನಲ್ಲಿ ಬೆರೆಯುವ ಇನ್‌ಸ್ಟ್ರುಮೆಂಟ್ ಮಿಲ್ಕ್ ಅಂತ ಸಿಗುತ್ತದೆ, ಅದನ್ನೇ ಬಳಸಿ. ವಾರಕ್ಕೊಂದು ಸಲ ಶಾಖಕ್ಕೆ ಸುಲಭವಾಗಿ ಸಾಯದ ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನುವ ಬ್ಯಾಕ್ಟೀರಿಯಾ ಇರುವ ಸ್ಪೋರ್ ಟೆಸ್ಟ್ ಹಾಕಿ. ಪೌಚಿನ ಬಣ್ಣ ಬದಲಾದದ್ದು ಶಾಖ ತಾಗಿದ್ದನ್ನು ಹೇಳುತ್ತದೆ, ಕ್ರಿಮಿ ಸತ್ತದ್ದನ್ನು ಹೇಳುವುದಿಲ್ಲ.

ಮೇಲೆ ಹೇಳಿದ್ದರಲ್ಲಿ ಹೆಚ್ಚಿನ ಕೆಲಸ ಮಾಡುವವರು ನೀವಲ್ಲ, ನಿಮ್ಮ ಅಸಿಸ್ಟೆಂಟ್. ಬಹುಶಃ ನಿಮ್ಮ ಊರಿನದೇ ಹುಡುಗಿ, ಕೆಲಸವನ್ನು ನಿಮ್ಮಲ್ಲೇ ಕಲಿತವಳು. ನೀವು ಹಾಕಿ ಬಿಸಾಡುವ ತೆಳು ಗ್ಲೌಸಿನಲ್ಲಿ ಅವಳು ಕ್ರೈಯರ್ ತೊಳೆಯುವುದು ಬೇಡ. ಮೊಣಕೈ ಹತ್ತಿರ ಬರುವ ದಪ್ಪ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಉದ್ದ ಹಿಡಿಯ ಬ್ರಷ್ ಕೊಡಿಸಿ. ಬ್ರಷನ್ನು ನೀರಿನ ಒಳಗೇ ಆಡಿಸಲು ಹೇಳಿ, ಹನಿ ಮುಖಕ್ಕೆ ಸಿಡಿಯುವುದಿಲ್ಲ. ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 10 ಮಿಲಿ ಯೂನಿಟ್ಟಿಗಿಂತ ಕಡಿಮೆ ಬಂದರೆ ಮತ್ತೆ ಲಸಿಕೆ ಹಾಕಿಸಬೇಕಾಗುತ್ತದೆ. ಇದರ ಖರ್ಚು ಕ್ಲಿನಿಕ್ಕಿನದು. ಹೊಸ ಫೋರ್ಸೆಪ್ಸಿಗೆ ಆರ್ಡರ್ ಕೊಡುವ ಮೊದಲು ಇದನ್ನು ಮುಗಿಸಿ.